ಅಪ್ಪಂಗೆ 14 ವರ್ಷದಿಂದ ಶುಗರ್, ಈಗ ದೊಡ್ಡ ಕರುಳಿನ ಕ್ಯಾನ್ಸರ್. ಶುಗರ್ ಇದ್ರೆ ಬದುಕೋ ಚಾನ್ಸ್ ಕಮ್ಮಿ ಆಗುತ್ತಾ?

ಬೆಣ್ಣೆನಗರಿ ಮಗಳು:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ, ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮಪ್ಪಂಗೆ 58. ಶುಗರ್ ಬಂದು 14 ವರ್ಷ ಆಯ್ತು, ಮಾತ್ರೆಲೇ ನಡೀತಿದೆ, ಇನ್ಸುಲಿನ್ ಇಲ್ಲ. ದೀಪಾವಳಿ ಆಸುಪಾಸಿಂದ ಮೋಶನ್ ಜೊತೆ ರಕ್ತ ಹೋಗ್ತಿತ್ತಂತೆ, ಯಾರಿಗೂ ಹೇಳಿರ್ಲಿಲ್ಲ, ಅಮ್ಮಂಗೆ ಗೊತ್ತಾಗಿ ಕೇಳಿದ್ರೆ ಮೂಲವ್ಯಾಧಿ ಕಣೇ ಬಿಡು ಅಂದ್ರು, ಇಲ್ಲೇ ಹತ್ರದಲ್ಲಿ ಒಬ್ರು ಪುಡಿ ಕೊಡ್ತಾರೆ ಅಂತ ನಾಲ್ಕು ತಿಂಗಳು ಅದನ್ನೇ ತಗೊಂಡ್ರು. ಮೆಟ್ಟಿಲು ಹತ್ತಿದ್ರೆ ಏದುಸಿರು ಬರೋಕೆ ಶುರು ಆದ್ಮೇಲೆ ರಕ್ತ ಟೆಸ್ಟ್ ಮಾಡಿಸಿದ್ರೆ ಹಿಮೋಗ್ಲೋಬಿನ್ 7.8. ಆಮೇಲೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರೋ ಕೊಳವೆ ಹಾಕಿ ಕರುಳು ನೋಡೋದು), ಸಿಗ್ಮಾಯ್ಡ್ ಅಂತಾರಲ್ಲ, ದೊಡ್ಡ ಕರುಳಿನ ಕೊನೇ ಭಾಗದ ಹತ್ರ, ಆ ಜಾಗದಲ್ಲಿ ಗಡ್ಡೆ. ಎರಡು ಬಾಟ್ಲು ರಕ್ತ ಹಾಕಿ ಆಪರೇಷನ್ ಮಾಡಿದ್ರು, ಮೂರು ವಾರ ಆಯ್ತು. ಬಯಾಪ್ಸಿಲಿ ಟಿ3 ಎನ್1 ಅಂತ ಬಂದಿದೆ, ಅಂದ್ರೆ ಗಡ್ಡೆ ಕರುಳಿನ ಗೋಡೆಯ ಸ್ನಾಯು ದಾಟಿದೆ, ಅಕ್ಕಪಕ್ಕದ 18 ದುಗ್ಧಗ್ರಂಥಿ ತೆಗೆದಿದ್ರಲ್ಲಿ 3ರಲ್ಲಿ ಕ್ಯಾನ್ಸರ್ ಇದೆ, ಮೂರನೇ ಸ್ಟೇಜ್ ಅಂದ್ರು. ಇನ್ನು ಕೀಮೋ, ಕೇಪಾಕ್ಸ್ ಅಂತ ಬರ್ಕೊಟ್ಟಿದಾರೆ, ಆಕ್ಸಾಲಿಪ್ಲಾಟಿನ್ ಡ್ರಿಪ್ ಜೊತೆ ಕ್ಯಾಪಸಿಟಾಬಿನ್ ಮಾತ್ರೆ.

ಈಗ ವಿಷಯ ಏನಂದ್ರೆ, ಚೀಟಿ ತಗೊಂಡು ಹೊರಗೆ ಬರೋವಾಗ ಡಾಕ್ಟ್ರು ಬಾಗಿಲ ಹತ್ರ ಒಂದು ಮಾತಂದ್ರು, "ಶುಗರ್ ಇದೆಯಲ್ಲ, ಶುಗರ್ ಇಲ್ದೇ ಇರೋರಷ್ಟು ಚೆನ್ನಾಗಿ ಫಲ ಸಿಗಲ್ಲ ಕೆಲವು ಸಲ" ಅಂತ. ಹಿಂದೆ ಇನ್ನೂ ಹತ್ತು ಜನ ನಿಂತಿದ್ರು, ನಂಗೆ ಬಾಯೇ ಬರ್ಲಿಲ್ಲ ಏನು ಅಂತ ಕೇಳೋಕೆ. ಮನೆಗೆ ಬಂದು ಅಮ್ಮಂಗೆ ಹೇಳಿದ್ದೇ ತಪ್ಪಾಯ್ತು, ಅವತ್ತಿಂದ ಅನ್ನ ಇಲ್ಲ, ಬಾಳೆಹಣ್ಣಿಲ್ಲ, ಹಾಲಿಲ್ಲ, ಬರೀ ರಾಗಿ ಅಂಬಲಿ, ಸೊಪ್ಪಿನ ಸಾರು. 68 ಕೆಜಿ ಇದ್ದ ಅಪ್ಪ ಈಗ 57. ಒಂದೇ ಸಮಾಧಾನ ಅಂದ್ರೆ ಮೂರು ತಿಂಗಳ ಆವರೇಜ್ ಶುಗರ್ 6.4 ಬಂದಿದೆ, ಯಾವತ್ತೂ 8ರ ಕೆಳಗೆ ಬಂದಿದ್ದೇ ಇಲ್ಲ. ಗೊತ್ತಿರೋರು ನಿಜ ಹೇಳಿ, ಶುಗರ್ ಇದ್ರೆ ಉಳಿಯೋದು ಕಷ್ಟನಾ?

ಹುಬ್ಬಳ್ಳಿ ಸರ್ಜನ್:
ತಂಗಿ, ನಾ ಮೂವತ್ತ ವರ್ಷ ಸರ್ಜರಿ ಮಾಡೀನಿ, ಈಗ ರಿಟೈರ್ ಆಗೇನಿ. ನಿಮ್ಮ ಪ್ರಶ್ನಿಗೆ ಸೀದಾ ಹೇಳ್ತೀನಿ. ಹೌದು, ಫರಕ್ ಐತಿ. ಆದ್ರ ನೀವು ಅಂಜಿಕೊಂಡಷ್ಟು ಇಲ್ಲ, ಮತ್ತ ಅದ್ರಾಗ ಒಂದಿಷ್ಟು ನಿಮ್ಮ ಕೈಯಾಗನೂ ಐತಿ.

ಬ್ಯಾರೆಬ್ಯಾರೆ ದೇಶದ ಅಧ್ಯಯನ ಎಲ್ಲಾ ಕೂಡಿಸಿ 2013ರಾಗ ಒಂದು ದೊಡ್ಡ ಲೆಕ್ಕ ಹಾಕ್ಯಾರ. ದೊಡ್ಡ ಕರುಳಿನ ಕ್ಯಾನ್ಸರ್ ಆದವ್ರಾಗ ಶುಗರ್ ಇದ್ದವ್ರು ಯಾವುದೇ ಕಾರಣಕ್ಕ ಸಾಯೋ ಸಾಧ್ಯತಾ ಶುಗರ್ ಇಲ್ಲದವ್ರಕಿಂತ 17% ಹೆಚ್ಚು, ಕ್ಯಾನ್ಸರಿಂದನ ಸಾಯೋದು 12% ಹೆಚ್ಚು ಅಂತ ಬಂತು. ಈ 17% ಅಂದ್ರ ನೂರು ಮಂದ್ಯಾಗ 17 ಮಂದಿ ಹೆಚ್ಚು ಅಂತಲ್ಲ, ಭಾಳ ಮಂದಿ ಹಂಗ ತಿಳ್ಕೊಂಡು ಎದಿ ಒಡ್ಕೋತಾರ. ಶುಗರ್ ಇಲ್ಲದ ನೂರು ಮಂದ್ಯಾಗ 30 ಮಂದಿ ತೀರ್ಕೊಂಡ್ರ, ಶುಗರ್ ಇದ್ದ ನೂರರಾಗ 34-35 ಮಂದಿ, ಅಷ್ಟ ಫರಕ್. ಆ ಎರಡು ನಂಬರ್ ಬಾಜೂಬಾಜೂ ಇಟ್ಟು ನೋಡ್ರಿ, 17 ಮತ್ತ 12. ಅಂದ್ರ ಹೆಚ್ಚಿಗಿ ಸಾವಿನ್ಯಾಗ ಒಂದು ಪಾಲು ಗಡ್ಡಿದಲ್ಲ, ಹೃದಯ, ಕಿಡ್ನಿ, ಸೋಂಕು ಇವುಗಳದ್ದು. ನಮ್ಮ ಮಂದಿ ಅಲ್ಲೇ ಎಡವ್ತಾರ. ಕ್ಯಾನ್ಸರ್ ಬಂತು ಅಂದಕೂಡ್ಲೆ ಬಿಪಿ ಗುಳಗಿ, ಕೊಲೆಸ್ಟ್ರಾಲ್ ಗುಳಗಿ, ಕಣ್ಣಿನ ಚೆಕಪ್ ಎಲ್ಲಾ ಕಟ್ಟಿ ಮ್ಯಾಲ ಇಡ್ತಾರ.

ಇನ್ನೊಂದು ಹಳೇದು, 1988ರಿಂದ 1992ರ ತನಕ ಅಮೆರಿಕಾದಾಗ ನಡೆದ ಕೀಮೋ ಟ್ರಯಲ್. ಅದ್ರಾಗಿನ 3759 ಪೇಶಂಟ್ ಲೆಕ್ಕ 2003ರಾಗ ಬಂತು. ಐದು ವರ್ಷಕ್ಕ ಶುಗರ್ ಇದ್ದವ್ರು 57% ಬದುಕಿದ್ರು, ಇಲ್ಲದವ್ರು 66%. ಕ್ಯಾನ್ಸರ್ ತಿರುಗಿ ಬಂದದ್ದೂ ಶುಗರ್ ಇದ್ದವ್ರಾಗ ಹೆಚ್ಚು. ಆದ್ರ ಇದು ಆಕ್ಸಾಲಿಪ್ಲಾಟಿನ್ ಬರೋಕಿಂತ ಮುಂಚಿನ ಮಾತು, ಶುಗರ್ ಔಷಧನೂ ಆಗ ಇಷ್ಟಿರಲಿಲ್ಲ. ನಿಮ್ಮ ಅಪ್ಪಾರಿಗೆ ಆ ನಂಬರ್ ಹಚ್ಚಿ ನೋಡಬ್ಯಾಡ್ರಿ, ದಿಕ್ಕು ತಿಳ್ಕೊಳ್ಳಾಕ ಅಷ್ಟ ಹೇಳಿದೆ.

ಈಗ ನಿಮ್ಮ ಸಮಾಧಾನ ಒಂಚೂರು ಕೆಡಸ್ಬೇಕಾಗ್ಯದ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆ 6.4 ನಂಬಬ್ಯಾಡ್ರಿ. ಆ ಟೆಸ್ಟ್ ನೋಡೋದು ಕೆಂಪು ರಕ್ತಕಣಕ್ಕ ಎಷ್ಟು ಸಕ್ಕರಿ ಅಂಟೇತಿ ಅಂತ. ನಿಮ್ಮ ಅಪ್ಪಾರಿಗೆ ತಿಂಗಳಗಟ್ಟಲೆ ರಕ್ತ ಹೋಗೇತಿ, ಮ್ಯಾಲ ಎರಡು ಬಾಟ್ಲಿ ಬ್ಯಾರೇದವ್ರ ರಕ್ತ ಹಾಕ್ಯಾರ. ಅದು ಅಪ್ಪಾರ ಮೂರು ತಿಂಗಳ ಲೆಕ್ಕ ಅಲ್ಲ. ಮನ್ಯಾಗ ಗ್ಲುಕೋಮೀಟರ್ ಇಟ್ಟು ದಿನಾ ಬೆರಳು ಚುಚ್ಚಿ ನೋಡ್ರಿ, ಅದೊಂದ ಖರೇ ಲೆಕ್ಕ.

ಒಂಟಿಕೊಪ್ಪಲು ಅಕ್ಕ:
ಡಾಕ್ಟ್ರು ಹೇಳಿದ್ದು ನೂರಕ್ಕೆ ನೂರು ಸತ್ಯ. ಮಗಳೇ, ನಮ್ಮನೆಯವ್ರಿಗೆ ಆಗಿ ಆರು ವರ್ಷ, ಈಗ ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಬರ್ತಾರೆ. ಅವ್ರಿಗೂ ಶುಗರ್, ಅವ್ರಿಗೂ ಮೂರನೇ ಸ್ಟೇಜ್. ಮೊದ್ಲು ಇದನ್ನ ಅಪ್ಪನ ಮುಂದೆ ಓದು, ಆಮೇಲೆ ಮಿಕ್ಕಿದ್ದು.

ನಾನು ಮಾಡಿದ ತಪ್ಪು ನೀನು ಮಾಡ್ಬೇಡ ಅಂತ ಬರೀತಿದೀನಿ. ಕೀಮೋದ ಎರಡನೇ ಸೈಕಲ್, ಅಂದ್ರೆ ಎರಡನೇ ಸುತ್ತು, ಆಗಿ ನಾಲ್ಕನೇ ದಿನ, ರಾತ್ರಿಯಿಡೀ ವಾಂತಿ. ಬೆಳಗ್ಗೆ ಎಂಟಕ್ಕೆ ನಾನು ಎಂದಿನ ಹಾಗೆ ಡಬ್ಬಿಯಿಂದ ಶುಗರ್ ಮಾತ್ರೆ ತೆಗೆದು ಕೊಟ್ಟೆ, ಗ್ಲಿಮಿಪಿರೈಡ್. ಇಡ್ಲಿ ಅರ್ಧ ತಿಂದ್ರು, ಅದೂ ವಾಂತಿ ಆಯ್ತು. ಹನ್ನೊಂದು ಗಂಟೆಗೆ ಮಾತಾಡಿಸಿದ್ರೆ ಏನೇನೋ ಹೇಳ್ತಿದಾರೆ, ನನ್ನ ಹೆಸರು ಬಿಟ್ಟು ಅವ್ರ ಅಕ್ಕನ ಹೆಸರಲ್ಲಿ ಕರೀತಿದಾರೆ, ಬನಿಯನ್ ಪೂರ್ತಿ ಒದ್ದೆ. ನಾನು ಕೀಮೋದಿಂದ ಸುಸ್ತು ಅಂದ್ಕೊಂಡು ಫ್ಯಾನ್ ಜೋರು ಮಾಡಿದೆ. ಮಗ ಬಂದು ಬೆರಳು ಚುಚ್ಚಿ ನೋಡಿದ್ರೆ ಶುಗರ್ 52ಕ್ಕೆ ಇಳಿದಿತ್ತು. ಸಕ್ಕರೆ ನೀರು ಕುಡಿಸಿ, ಕಾಲು ಗಂಟೆ ಬಿಟ್ಟು ಇನ್ನೊಂದು ಲೋಟ ಕುಡಿಸಿ, ಆಮೇಲೆ ಕಣ್ಣು ಸರಿಯಾಗಿ ಬಿಟ್ರು. ಅವತ್ತಿನ ಆ ಮುಖ ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಊಟ ಸೇರದ ದಿನ ಯಾವ ಮಾತ್ರೆ ನಿಲ್ಲಿಸ್ಬೇಕು, ಯಾವುದು ನಿಲ್ಲಿಸಬಾರದು ಅಂತ ಕೀಮೋ ಶುರು ಆಗೋ ಮುಂಚೆನೇ ಶುಗರ್ ಡಾಕ್ಟ್ರ ಹತ್ರ ಒಂದು ಹಾಳೇಲಿ ಬರೆಸ್ಕೋ. ನಮಗೆ ಇದನ್ನ ಯಾರೂ ಹೇಳಿರ್ಲಿಲ್ಲ. ಕ್ಯಾನ್ಸರ್ ಡಾಕ್ಟ್ರು ಶುಗರ್ ಡಾಕ್ಟ್ರು ನೋಡ್ಕೋತಾರೆ ಅಂದ್ಕೊಂಡಿದ್ರು, ಶುಗರ್ ಡಾಕ್ಟ್ರಿಗೆ ನಾವು ಕೀಮೋ ಶುರು ಆಗಿದ್ದೇ ಹೇಳಿರ್ಲಿಲ್ಲ.

ಪ್ರಕೃತಿ ಜೀವನ:
ಎಲ್ರೂ ಔಷಧಿ ಬಗ್ಗೆನೇ ಹೇಳ್ತಿದೀರಿ. ಕ್ಯಾನ್ಸರ್ ಜೀವಕೋಶಕ್ಕೆ ಆಹಾರನೇ ಸಕ್ಕರೆ. ಅಮ್ಮ ಮಾಡ್ತಿರೋದೇ ಸರಿ, ಪೂರ್ತಿ ನಿಲ್ಲಿಸಿ, ಗಡ್ಡೆ ತಾನಾಗೇ ಒಣಗುತ್ತೆ. ನಮ್ಮ ಪರಿಚಯದವರೊಬ್ರು ಹಾಗೇ ಮಾಡಿ ಗುಣ ಆಗಿದಾರೆ.

ಕುಡ್ಲದ ಡಯಟೀಷಿಯನ್:
ಇಲ್ಲ ಮಾರಾಯ್ರೆ, ದಯವಿಟ್ಟು ಹೀಗೆ ಹೇಳಬೇಡಿ, ಈ ಮಾತು ಕೇಳಿ ಊಟ ಬಿಟ್ಟು ಸೊರಗಿದವರನ್ನು ನಾನು ವಾರ್ಡಿನಲ್ಲಿ ದಿನಾ ನೋಡ್ತೇನೆ. ಕ್ಯಾನ್ಸರ್ ಕೋಶ ಸಕ್ಕರೆ ಜಾಸ್ತಿ ಬಳಸ್ತದೆ ಅನ್ನುವುದು ನಿಜವೇ, ಆದರೆ ನೀವು ಅನ್ನ ಬಿಟ್ಟರೆ ಗಡ್ಡೆಗೆ ಸಕ್ಕರೆ ಸಿಗದೆ ಹೋಗುದಿಲ್ಲ, ಲಿವರ್ ನಿಮ್ಮ ಮಾಂಸಖಂಡ ಕರಗಿಸಿ ಸಕ್ಕರೆ ಮಾಡಿ ರಕ್ತಕ್ಕೆ ಬಿಡ್ತದೆ. ಒಣಗುದು ಗಡ್ಡೆ ಅಲ್ಲ, ಮನುಷ್ಯ.

ಮಗಳೇ, 68ರಿಂದ 57 ಅಂದ್ರೆ ಬಹಳ ಆಯ್ತು. ತೂಕ ಹೀಗೆ ಇಳೀತಾ ಹೋದ್ರೆ ಕೀಮೋ ತಡೀಲಿಕ್ಕೆ ಆಗುದಿಲ್ಲ, ಡೋಸ್ ಕಮ್ಮಿ ಮಾಡ್ತಾರೆ, ಇಲ್ಲಾ ಮುಂದೆ ಹಾಕ್ತಾರೆ. ಅಮ್ಮನಿಗೆ ಬೈಬೇಡಿ, ಅವರು ಹೆದರಿ ಮಾಡಿದ್ದು. ಅನ್ನ ಒಂದು ಸೌಟು ಇರಲಿ, ಅದರ ಜೊತೆ ಮೊಟ್ಟೆ, ಮೀನು, ತೊವ್ವೆ, ಮೊಸರು ಇವು ಜಾಸ್ತಿ ಇರಲಿ. ಮೂರು ಹೊತ್ತಿನ ಬದಲು ಆರು ಸಲ ಸ್ವಲ್ಪ ಸ್ವಲ್ಪ. ಕರುಳು ಈಗಷ್ಟೇ ಕೂಡಿಸಿದ್ದು, ಆದ್ದರಿಂದ ಸೊಪ್ಪು, ಕಾಳಿನ ಸಿಪ್ಪೆ ಸದ್ಯ ಕಮ್ಮಿ ಇದ್ರೆ ಒಳ್ಳೇದು, ಸರ್ಜನ್ ಹೇಳಿದ ಮೇಲೆ ಜಾಸ್ತಿ ಮಾಡಿ. ಸಕ್ಕರೆ ಹಾಕಿದ ಪೌಡರ್ ಹಾಲು ತರಬೇಡಿ, ಶುಗರ್ ಇದ್ದವರಿಗೇ ಅಂತ ಬೇರೆ ಪ್ರೋಟೀನ್ ಪೌಡರ್ ಉಂಟು, ಕೇಳಿ ತೆಗೊಳ್ಳಿ.

ಬೆಣ್ಣೆನಗರಿ ಮಗಳು:
ಅಕ್ಕಾ, ಅಪ್ಪನ ಮುಂದೆ ಜೋರಾಗಿ ಓದಿದೆ. ಆರು ವರ್ಷ, ಕೆರೆ ಸುತ್ತಿ ಬರ್ತಾರೆ ಅನ್ನೋದು ಕೇಳಿ ಏನೂ ಮಾತಾಡ್ಲಿಲ್ಲ, ಸ್ವಲ್ಪ ಹೊತ್ತಾದ್ಮೇಲೆ ಅಡುಗೆಮನೆಗೆ ಹೋಗಿ ಅಮ್ಮಂಗೆ "ಎರಡು ಹಿಡಿ ಅನ್ನ ಬಡಿಸೇ" ಅಂದ್ರಂತೆ.

ಇನ್ನೊಂದು ಕೇಳ್ಬೇಕು. ಅಪ್ಪ ಮೆಟ್‌ಫಾರ್ಮಿನ್ ತಗೋತಾರೆ ಶುಗರ್‌ಗೆ, ನಮ್ಮಣ್ಣ ಎಲ್ಲೋ ಓದಿದಾನೆ ಆ ಮಾತ್ರೆನೇ ಕ್ಯಾನ್ಸರ್‌ಗೂ ಒಳ್ಳೇದು ಅಂತ, ಡಬಲ್ ಡೋಸ್ ಕೊಡೋಣ್ವಾ ಅಂತಿದಾನೆ.

ಅಂಕಿಸಂಖ್ಯೆ ಹುಡುಗ:
ದಯವಿಟ್ಟು ಬೇಡ, ಡಬಲ್ ಅಂತೂ ಬೇಡ್ವೇ ಬೇಡ. ನಾನು ಡಾಕ್ಟರ್ ಅಲ್ಲ, ಆಸ್ಪತ್ರೆ ಡೇಟಾ ಮೇಲೆ ಕೆಲಸ ಮಾಡೋನು, ಈ ಮೆಟ್‌ಫಾರ್ಮಿನ್ ಕಥೆ ಸ್ವಲ್ಪ ಗೊತ್ತು, ಯಾಕಂದ್ರೆ ನಮ್ಮಜ್ಜಿಗೂ ಇದೇ ಕ್ಯಾನ್ಸರ್ ಬಂದಾಗ ರಾತ್ರಿಯೆಲ್ಲ ಕೂತು ಓದಿದ್ದೆ.

ಹಳೇ ದಾಖಲೆ ಇಟ್ಕೊಂಡು ನೋಡಿದ ಎಷ್ಟೋ ಅಧ್ಯಯನದಲ್ಲಿ ಮೆಟ್‌ಫಾರ್ಮಿನ್ ತಗೊಂಡ ಕ್ಯಾನ್ಸರ್ ಪೇಶಂಟ್‌ಗಳು ಜಾಸ್ತಿ ದಿನ ಬದುಕಿದಾರೆ ಅಂತ ಬಂದಿದ್ದು ನಿಜ. ಆದ್ರೆ ಅದರಲ್ಲಿ ಒಂದು ದೊಡ್ಡ ತೊಡಕಿದೆ. ಷಷ್ಟ್ಯಬ್ದಿ ಮಾಡಿಸ್ಕೊಂಡೋರೆಲ್ಲ 60 ದಾಟಿದಾರೆ, ಅದಕ್ಕೆ ಷಷ್ಟ್ಯಬ್ದಿ ಮಾಡಿಸಿದ್ರೆ ಆಯಸ್ಸು ಜಾಸ್ತಿ ಅಂದ್ರೆ ಹೇಗಿರುತ್ತೆ? 60 ಮುಟ್ಟಿದ್ರೆ ತಾನೇ ಷಷ್ಟ್ಯಬ್ದಿ. ಹಾಗೇ ಕ್ಯಾನ್ಸರ್ ಗೊತ್ತಾದ ಮೇಲೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡಿದಾರೆ ಅಂದ್ರೆ ಅಷ್ಟು ವರ್ಷ ಬದುಕಿದ್ರು ಅಂತಲೇ ಅರ್ಥ. ಬೇಗ ಹೋದೋರು ಆ ಲೆಕ್ಕಕ್ಕೆ ಬರೋದೇ ಇಲ್ಲ. ಇನ್ನೊಂದು, ಕಿಡ್ನಿ ಸರಿ ಇಲ್ದೋರಿಗೆ, ತುಂಬಾ ಜೋರು ಶುಗರ್ ಇರೋರಿಗೆ ಸಾಮಾನ್ಯವಾಗಿ ಇನ್ಸುಲಿನ್ ಕೊಡ್ತಾರೆ, ಅಂದ್ರೆ ಮೆಟ್‌ಫಾರ್ಮಿನ್ ಗುಂಪಲ್ಲಿ ಮೊದ್ಲೇ ಗಟ್ಟಿಮುಟ್ಟು ಇರೋರೇ ಜಾಸ್ತಿ.

ಜಪಾನಲ್ಲಿ 2016ರಲ್ಲಿ ಬಂದ ಒಂದು ಸರಿಯಾದ ಟ್ರಯಲ್ ಇದೆ, ಪಾಲಿಪ್ (ಕರುಳಿನ ಒಳಗೋಡೇಲಿ ಬೆಳೆಯೋ, ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟು) ತೆಗೆಸ್ಕೊಂಡ ಶುಗರ್ ಇಲ್ದೇ ಇರೋರಿಗೆ ದಿನಕ್ಕೆ 250 ಮಿಲಿಗ್ರಾಂ ಒಂದು ವರ್ಷ ಕೊಟ್ಟು ನೋಡಿದ್ರೆ ಮತ್ತೆ ಪಾಲಿಪ್ ಬರೋದು ಕಮ್ಮಿ ಆಯ್ತು. ಆಸೆ ಹುಟ್ಟಿಸೋ ವಿಷಯನೇ, ಆದ್ರೆ ಅದು ಪಾಲಿಪ್, ಮೂರನೇ ಸ್ಟೇಜ್ ಕ್ಯಾನ್ಸರ್ ಅಲ್ಲ. ಬ್ರೆಸ್ಟ್ ಕ್ಯಾನ್ಸರಲ್ಲಿ ದೊಡ್ಡ ಟ್ರಯಲ್ ಮಾಡಿ 2022ರಲ್ಲಿ ರಿಸಲ್ಟ್ ಬಂದಾಗ ಮೆಟ್‌ಫಾರ್ಮಿನ್‌ನಿಂದ ಲಾಭ ಕಾಣ್ಲಿಲ್ಲ. ಅಪ್ಪ ಶುಗರ್‌ಗೆ ಅಂತ ತಗೋತಿರೋದನ್ನ ಡಾಕ್ಟ್ರು ಹೇಳಿದಷ್ಟೇ ತಗೊಳ್ಳಲಿ.

ಹುಬ್ಬಳ್ಳಿ ಸರ್ಜನ್:
ಛಲೋ ಹೇಳಿದಿ ತಮ್ಮಾ. ಇದಕ್ಕ ಒಂದೆರಡು ಸೇರಿಸ್ತೀನಿ. ಮೆಟ್‌ಫಾರ್ಮಿನ್ ತಾನ ಕೆಲವ್ರಿಗೆ ಭೇದಿ ಮಾಡ್ತದ. ಕೀಮೋದ ಕ್ಯಾಪಸಿಟಾಬಿನ್ ಗುಳಗಿನೂ ಭೇದಿ ಮಾಡ್ತದ. ಎರಡೂ ಕೂಡಿದ್ರ ಮನಷ್ಯಾ ಒಣಗಿ ಕಿಡ್ನಿಗೆ ಹೊಡ್ತಾ ಬೀಳ್ತದ. ಆ ಹಳೇ ಅಮೆರಿಕಾ ಟ್ರಯಲಿನ್ಯಾಗ ಉಳಿದ ತೊಂದ್ರಿ ಎಲ್ಲಾ ಇಬ್ಬರಿಗೂ ಹೆಚ್ಚುಕಮ್ಮಿ ಒಂದ ಇದ್ವು, ಜೋರು ಭೇದಿ ಮಾತ್ರ ಶುಗರ್ ಇದ್ದವ್ರಾಗ 29%, ಇಲ್ಲದವ್ರಾಗ 20%. ದಿನಕ್ಕ ನಾಕೈದು ಸಲ ಹೆಚ್ಚಿಗಿ ಹೋದ್ರ ಮನ್ಯಾಗ ಕುಂದ್ರಬ್ಯಾಡ್ರಿ, ಫೋನ್ ಮಾಡ್ರಿ. ಸ್ಕ್ಯಾನಿನ್ಯಾಗ ಸ್ಪಷ್ಟ ಕಾಣ್ಲಿ ಅಂತ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡೋ ಮೊದ್ಲ ಕಿಡ್ನಿ ರಿಪೋರ್ಟ್ ತೋರಿಸಿ ಮೆಟ್‌ಫಾರ್ಮಿನ್ ನಿಲ್ಲಿಸ್ಬೇಕೇನು ಅಂತ ಕೇಳ್ರಿ. ಮತ್ತ ಇದನ್ನ ಓದೋ ಬ್ಯಾರೆ ಮಂದೀಗೂ ಹೇಳ್ತೀನಿ, ಡಾಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಗುಳಗಿ ಈಗ ಮನಿಮನ್ಯಾಗ ಐತಿ, ಪೇಟೆಂಟ್ ಮುಗದು ಅಗ್ಗ ಆಗೇತಿ. ಆಪರೇಷನ್ನಿಗೆ ಮೂರು ದಿನ ಮೊದ್ಲ ಅದನ್ನ ನಿಲ್ಲಿಸ್ಬೇಕು. ಇಲ್ಲಂದ್ರ ಉಪವಾಸದಾಗ, ಮೀಟರ್‌ನ್ಯಾಗ ಶುಗರ್ ನಾರ್ಮಲ್ ಕಂಡ್ರೂ, ರಕ್ತದಾಗ ಆಸಿಡ್ ಏರ್ತದ, ಜೀವಕ್ಕ ಅಪಾಯ.

ನಿಮ್ಮ ಡಾಕ್ಟರಿಗೆ ಮೂರು ತಿಂಗಳ ಕೀಮೋ ಸಾಕೇನು, ಆರು ತಿಂಗಳ ಬೇಕೇನು ಅಂತ ಕೇಳ್ರಿ ತಂಗಿ. 2018ರಾಗ ಆರು ಟ್ರಯಲ್ ಕೂಡಿಸಿದ ಐಡಿಯಾ ಅನ್ನೋ ಅಧ್ಯಯನ ಬಂತು, ಅದ್ರಾಗ 12 ಸಾವಿರದ ಮ್ಯಾಲ ಪೇಶಂಟ್ ಇದ್ರು. ನಿಮ್ಮ ಅಪ್ಪಾರಂಗ ಟಿ3 ಎನ್1 ಇದ್ದವ್ರಿಗೆ ಕೇಪಾಕ್ಸ್ ಮೂರು ತಿಂಗಳ ಕೊಟ್ರೂ ಆರು ತಿಂಗಳಷ್ಟ ಕೆಲಸ ಮಾಡ್ತು. ಆಕ್ಸಾಲಿಪ್ಲಾಟಿನ್ನಿಂದ ಬರೋ ಕೈಕಾಲು ಜುಮುಜುಮು ನರದ ತ್ರಾಸ, ಮಧ್ಯಮ ಇಲ್ಲಾ ಅದಕ್ಕೂ ಜೋರು ಆದದ್ದು ಮಾತ್ರ ಆರು ತಿಂಗಳದವ್ರಾಗ 45% ಮಂದೀಗೆ, ಮೂರು ತಿಂಗಳದವ್ರಾಗ 14%. 14 ವರ್ಷದ ಶುಗರಿನವ್ರ ಕಾಲಿನ ನರ ಮೊದಲ ಸವದಿರ್ತಾವ. ಅದನ್ನ ಡಾಕ್ಟರಿಗೆ ನೆನಪ ಮಾಡ್ರಿ.

ಲೆಸ್ಟರ್ ಕನ್ನಡತಿ:
ನಮಸ್ತೆ, ನಾನು ತುಮಕೂರು ಕಡೆಯವಳು, ಇಲ್ಲಿ ಇಂಗ್ಲೆಂಡಲ್ಲಿ ಕೀಮೋ ವಾರ್ಡಲ್ಲಿ ನರ್ಸ್. ಕಾಲಿನ ವಿಷಯ ಬಂದಿದ್ದಕ್ಕೆ ಬರೀತಿದೀನಿ. ಕೀಮೋ ಶುರು ಆಗೋ ಮುಂಚೆ ಅಪ್ಪನ ಎರಡೂ ಪಾದ ಒಂದ್ಸಲ ಬೆಳಕಲ್ಲಿ ಇಟ್ಟು ನೋಡಿ, ಹತ್ತಿಯಲ್ಲಿ ಮುಟ್ಟಿದ್ರೆ ಗೊತ್ತಾಗುತ್ತಾ, ಬೆರಳ ಸಂದೀಲಿ ಬಿರುಕಿದೆಯಾ. ಏನೇನು ಕಂಡ್ರಿ ಬರ್ದಿಟ್ಕೊಳ್ಳಿ. ಆಮೇಲೆ ಹೊಸದಾಗಿ ಬಂದಿದ್ಯಾವುದು, ಮೊದಲಿಂದ ಇದ್ದಿದ್ಯಾವುದು ಅಂತ ಹೇಳೋಕೆ ಆಗೋದು ಹೀಗೆ ಬರ್ದಿಟ್ಟಿದ್ರೆ ಮಾತ್ರ. ಬರಿಗಾಲಲ್ಲಿ ಓಡಾಡೋದು ಬೇಡ, ದೇವಸ್ಥಾನಕ್ಕೆ ಹೋದ್ರೂ ಸಾಕ್ಸ್ ಇರಲಿ.

ಆಕ್ಸಾಲಿಪ್ಲಾಟಿನ್ ಹಾಕಿದ ಮೇಲೆ ಕೆಲವು ದಿನ ತಣ್ಣಗಿರೋದು ಮುಟ್ಟಿದ್ರೆ ಕರೆಂಟ್ ಹೊಡೆದ ಹಾಗಾಗುತ್ತೆ, ಹೆದರ್ಬೇಡಿ. ಡ್ರಿಪ್ ಜೊತೆ ವಾಂತಿ ಆಗದೇ ಇರಲಿ ಅಂತ ಡೆಕ್ಸಾಮೆಥಾಸೋನ್ ಕೊಡ್ತಾರೆ, ಅದು ಸ್ಟೀರಾಯ್ಡ್, ಶುಗರ್ ಜಿಗಿಯುತ್ತೆ, ಅದರಲ್ಲೂ ಮಧ್ಯಾಹ್ನ, ಸಂಜೆ. ಬರೀ ಬೆಳಗ್ಗೆ ಖಾಲಿ ಹೊಟ್ಟೇಲಿ ನೋಡಿ ಚೆನ್ನಾಗಿದೆ ಅಂದ್ಕೊಂಡ್ರೆ ಇದು ಸಿಗೋದೇ ಇಲ್ಲ.

ಮತ್ತೆ ನೀವು, ನಿಮ್ಮಣ್ಣ ಇಬ್ರೂ ಕೊಲೊನೋಸ್ಕೋಪಿ ಬಗ್ಗೆ ಕೇಳಿ. ಅಪ್ಪ ಅಮ್ಮ ಯಾರಿಗಾದ್ರೂ 60ರೊಳಗೆ ಬಂದಿದ್ರೆ ಮಕ್ಕಳು 40ಕ್ಕೆ, ಇಲ್ಲಾ ಅವ್ರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲೇ, ಯಾವುದು ಮೊದಲೋ ಆಗ ಮಾಡಿಸ್ಬೇಕು ಅಂತಾರೆ.

ಬೆಣ್ಣೆನಗರಿ ಮಗಳು:
ಐದು ವಾರ ಆಯ್ತು ಬರೆದು. ಎರಡು ಸೈಕಲ್ ಮುಗೀತು.

ಮೊದಲ್ನೇ ಸೈಕಲ್‌ನ ಮಾರನೇ ದಿನ ಬೆಳಗ್ಗೆ 148 ಇತ್ತು, ನಾವು ಖುಷಿಲಿದ್ವಿ. ಲೆಸ್ಟರ್ ಅಕ್ಕ ಹೇಳಿದ್ದು ನೆನಪಾಗಿ ಸಂಜೆ ಆರಕ್ಕೆ ನೋಡಿದ್ರೆ 386. ಅಮ್ಮ ಅಳೋಕೇ ಶುರು ಮಾಡಿದ್ಲು, ಎರಡು ಹಿಡಿ ಅನ್ನ ಹಾಕಿದ್ದಕ್ಕೇ ಹೀಗಾಯ್ತು ಅಂತ. ಇಲ್ಲಮ್ಮ ಇದು ಸ್ಟೀರಾಯ್ಡ್ ಅಂತ ಹೇಳಿ ಶುಗರ್ ಡಾಕ್ಟ್ರಿಗೆ ಫೋನ್ ಮಾಡಿದೆ, ಕೀಮೋ ದಿನ ಮತ್ತು ಆಮೇಲೆ ಎರಡು ದಿನಕ್ಕೆ ಅಂತ ಇನ್ಸುಲಿನ್ ಹೇಳಿಕೊಟ್ರು, ಎರಡನೇ ಸೈಕಲಲ್ಲಿ 240 ದಾಟ್ಲಿಲ್ಲ. ಊಟ ಸೇರದ ದಿನದ ಹಾಳೆನೂ ಬರೆಸ್ಕೊಂಡು ಫ್ರಿಡ್ಜ್ ಬಾಗಿಲಿಗೆ ಅಂಟಿಸಿದೀನಿ, ಒಂಟಿಕೊಪ್ಪಲು ಅಕ್ಕನ್ನ ನೆನೆಸ್ಕೊಂಡು.

ಅದೇ ಫ್ರಿಡ್ಜಿಂದ ಅಪ್ಪ ಮರೆತು ಮಜ್ಜಿಗೆ ಸ್ಟೀಲ್ ಲೋಟ ಎತ್ಕೊಂಡು ಹಾಗೇ ಕೈಬಿಟ್ರು, ಅಡುಗೆಮನೆ ತುಂಬಾ ಮಜ್ಜಿಗೆ. ಸೂಜಿ ಚುಚ್ಚಿದ ಹಾಗಾಯ್ತಂತೆ. ಈಗ ಅವ್ರಿಗೆ ಅಂತ ಬೇರೆ ಪ್ಲಾಸ್ಟಿಕ್ ಲೋಟ ಹೊರಗೇ ಇಟ್ಟಿದೀವಿ.

ಡಾಕ್ಟ್ರನ್ನ ಈ ಸಲ ಕೇಳಿದೆ, ಹಿಂದೆ ಎಷ್ಟು ಜನ ನಿಂತಿದ್ರೂ ಪರವಾಗಿಲ್ಲ ಅಂತ ಕೂತೇ ಕೇಳಿದೆ. ಕಾಲಿನ ನರ ಮುಟ್ಟಿ ನೋಡಿ ನಾಲ್ಕೇ ಸೈಕಲ್, ಅಂದ್ರೆ ಮೂರು ತಿಂಗಳು ಸಾಕು ಅಂದ್ರು. ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿದ್ವಿ ಅಂದಿದ್ದಕ್ಕೆ ಯಾರು ನಿಲ್ಲಿಸೋಕೆ ಹೇಳಿದ್ದು ಅಂತ ಕೇಳಿ ಮತ್ತೆ ಬರ್ಕೊಟ್ರು. ತೂಕ 59 ಆಗಿದೆ.

ಲೆಸ್ಟರ್ ಕನ್ನಡತಿ:
ತುಂಬಾ ಸಂತೋಷ ಆಯ್ತು. ಕೀಮೋ ಮುಗಿದ ಮೇಲೆ ನಡಿಗೆ ಬಿಡಬೇಡಿ. 2025ರ ಜೂನಲ್ಲಿ ಒಂದು ಟ್ರಯಲ್ ಬಂತು, ಚಾಲೆಂಜ್ ಅಂತ ಹೆಸರು, 889 ಜನ, ಎಲ್ರೂ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಮುಗಿಸಿದೋರು. ಅರ್ಧ ಜನಕ್ಕೆ ಮೂರು ವರ್ಷ ಹೇಳಿಕೊಡೋರನ್ನ ಇಟ್ಟು ವ್ಯಾಯಾಮ ಮಾಡಿಸಿದ್ರು, ಉಳಿದೋರಿಗೆ ಪುಸ್ತಕ ಕೊಟ್ಟು ಕಳಿಸಿದ್ರು. ಎಂಟು ವರ್ಷಕ್ಕೆ ವ್ಯಾಯಾಮದ ಗುಂಪಲ್ಲಿ 90% ಬದುಕಿದ್ರು, ಇನ್ನೊಂದರಲ್ಲಿ 83%. ಬಹಳ ಜನ ಮಾಡಿದ್ದು ಬಿರುಸಾಗಿ ನಡೆಯೋದಷ್ಟೇ. ಶುಗರ್ ಇರೋರಿಗೆ ನಡಿಗೆಯಿಂದ ಇನ್ಸುಲಿನ್ ಕೂಡ ಹತೋಟಿಗೆ ಬರುತ್ತೆ, ರಕ್ತದಲ್ಲಿ ಇನ್ಸುಲಿನ್ ಸದಾ ಜಾಸ್ತಿ ಇರೋದೇ ಆ ಕೋಶಗಳು ಬೆಳೆಯೋಕೆ ಕುಮ್ಮಕ್ಕು ಕೊಡುತ್ತೆ ಅನ್ನೋದು ತಜ್ಞರು ಹೇಳೋ ಒಂದು ಮುಖ್ಯ ಕಾರಣ. ಕಾಲಿಗೆ ಮೆತ್ತನೆ ಶೂ ಮರೀಬೇಡಿ.

ಒಂಟಿಕೊಪ್ಪಲು ಅಕ್ಕ:
59ಕ್ಕೆ ಬಂದ್ರಾ! ಅಮ್ಮಂಗೆ ನನ್ನ ನಮಸ್ಕಾರ ಹೇಳು ಮಗಳೇ. ನಡಿಗೆಗೆ ಹೋಗೋವಾಗ ಜೇಬಲ್ಲಿ ನಾಲ್ಕು ಗ್ಲೂಕೋಸ್ ಬಿಸ್ಕತ್ತು ಇರಲಿ.

ಬೆಣ್ಣೆನಗರಿ ಮಗಳು:
ಇವತ್ತು ಬೆಳಗ್ಗೆ ಕುಂದವಾಡ ಕೆರೆ ಏರಿ ಮೇಲೆ ಅರ್ಧ ದೂರ ಹೋಗಿ ಬಂದ್ವಿ. ಸಾಕ್ಸ್, ಶೂ, ಜೇಬಲ್ಲಿ ಬಿಸ್ಕತ್ತು. ಅಪ್ಪ ಮೂರು ಕಡೆ ಕೂತ್ರು. ವಾಪಸ್ ಬರೋವಾಗ ಆ ಮೈಸೂರಿನವ್ರು ಎಷ್ಟು ಸುತ್ತು ಹಾಕ್ತಾರೆ ಕೇಳು ಅಂದ್ರು. ಅಕ್ಕಾ, ಎಷ್ಟು ಸುತ್ತು?

ಒಂಟಿಕೊಪ್ಪಲು ಅಕ್ಕ:
ಈಗ ಪೂರ್ತಿ ಒಂದು ಸುತ್ತು. ಮೊದಲ ತಿಂಗಳು ಗೇಟಿಂದ ಎರಡನೇ ಕಲ್ಲುಬೆಂಚಿನ ತನಕ ಮಾತ್ರ ಹೋಗ್ತಿದ್ರು ಅಂತ ಹೇಳು.